ರಸೀದಿ ಇಲ್ಲದೆ ಕೊಟ್ಟ ಇನ್ನೂರು ರೂಪಾಯಿ

ದಾವಣಗೆರೆಯಲ್ಲಿ ಬೈಕ್ ಓಡಿಸೋರು ಇದನ್ನೊಮ್ಮೆ ಓದಿ. ಮೊದಲ ತಪ್ಪು ನಂದೇ, ಮುಚ್ಚಿಡಲ್ಲ.

ಶ್ರಾವಣದ ಒಂದು ಸಂಜೆ ಮಾರ್ಕೆಟ್‌ನಿಂದ ಹೂವು, ಬಾಳೆಎಲೆ ತಗೊಂಡು ಬರ್ತಿದ್ದೆ. ಹೆಲ್ಮೆಟ್ ಕನ್ನಡಿಗೆ ನೇತಾಡ್ತಿತ್ತು. ಸರ್ಕಲ್ ದಾಟಿದ್ದೇ ತಡ, ಟ್ರಾಫಿಕ್ ಪೊಲೀಸರ ಕೈ ಅಡ್ಡ ಬಂತು. ಒಬ್ಬರು ನಂಬರ್ ಪ್ಲೇಟಿನ ಫೋಟೋ ತೆಗೆದ್ರು.

"ಲೈಸೆನ್ಸ್ ತೋರಿಸ್ರಿ."

ಗ್ಯಾಲರಿಯಲ್ಲಿದ್ದ ಫೋಟೋ ತೋರಿಸಿದೆ. "ಇದು ಬರೀ ಫೋಟೋ, ನಡಿಯಲ್ಲ. ಡಿಜಿಲಾಕರ್ ಐತೇನ್ರಿ?" ಇತ್ತು, ಲಾಗಿನ್ ಇರಲಿಲ್ಲ. ಒಟಿಪಿ ಹೋಗಿದ್ದು ಮನೇಲಿರೋ ಹಳೇ ಫೋನಿಗೆ! ಡಿಜಿಲಾಕರ್, ಎಂಪರಿವಾಹನ್ ಅನ್ನೋ ಸರ್ಕಾರಿ ಆ್ಯಪ್‌ಗಳಲ್ಲಿ ತೋರಿಸಿದ್ರೆ ಕಾನೂನಿನಲ್ಲಿ ಮಾನ್ಯ. ಮನೆ ಬಿಡೋಕೆ ಮುಂಚೆ ಒಮ್ಮೆ ತೆಗೆದು ನೋಡ್ಕೊಳ್ಳಿ.

ಆಮೇಲೆ ನಾನು ಮಾಡಿದ್ದು ಶುದ್ಧ ಪೆದ್ದತನ. ಪರಿಚಯದ ಪುಢಾರಿಗೆ ಫೋನ್ ಹಚ್ಚಿ "ಮಾತಾಡ್ರಿ ಸರ್" ಅಂತ ಮುಂದೆ ಹಿಡಿದೆ. ಅವರು ಮುಟ್ಟಲೂ ಇಲ್ಲ. ಅಲ್ಲೀತನಕ ಲೈಸೆನ್ಸ್ ಮಾತ್ರ ಕೇಳಿದೋರು ಇನ್ಶೂರೆನ್ಸ್, ಎಮಿಷನ್ ಅಂತ ಶುರು ಮಾಡಿದ್ರು. ಎಮಿಷನ್ ಮುಗಿದು ನಾಲ್ಕು ದಿನ ಆಗಿತ್ತು.

ಬೆವರು ಬಂತು. ಪಕ್ಕದಲ್ಲಿದ್ದೋರು ಮೆಲ್ಲಗೆ, "ರಸೀದಿ ಬೇಕಂದ್ರೆ ಐನೂರು, ಬ್ಯಾಡಂದ್ರೆ ಇನ್ನೂರು" ಅಂದ್ರು. ನೋಟು ಮಡಚಿ ಕೊಟ್ಟು, ಮುನ್ನೂರು ಉಳಿಸಿದೆ ಅಂತ ಖುಷಿಯಾಗಿ ಮನೆಗೆ ಬಂದೆ.

ಎರಡು ತಿಂಗಳಾದ್ಮೇಲೆ ಗಾಡಿ ಬಾಮೈದನ ಹೆಸರಿಗೆ ಮಾಡೋಣ ಅಂತ ನಂಬರ್ ಹಾಕಿ ನೋಡಿದ್ರೆ ಅದೇ ದಿನ, ಅದೇ ಹೊತ್ತು, ಹೆಲ್ಮೆಟ್ ಕೇಸು, ಐನೂರು ಬಾಕಿ. ಫೋಟೋ ಸುಮ್ಮನೆ ತೆಗೆದಿರಲಿಲ್ಲ.

ಲೋಕಾಯುಕ್ತಕ್ಕೆ ಹೋಗ್ತೀನಿ ಅಂತ ಹಾರಾಡಿದೆ. ಪರಿಚಯದ ವಕೀಲರು ನಕ್ಕರು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ ಪ್ರಕಾರ ಲಂಚ ಕೊಟ್ಟೋನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ರೆ 7 ದಿನದೊಳಗೆ ದೂರು ಕೊಡಬೇಕಂತೆ. ನಂಗೆ ಯಾರೂ ಬಲವಂತ ಮಾಡಿರಲಿಲ್ಲ, ಮುನ್ನೂರರ ಆಸೆ ಅಷ್ಟೇ.

ಅವರೇ ಹೇಳಿದ್ದು: ಸಮವಸ್ತ್ರದಲ್ಲಿರೋ ಪೊಲೀಸರು ಕೇಳಿದ್ರೆ ಲೈಸೆನ್ಸ್ ತೋರಿಸಲೇಬೇಕು, ವಾದ ಬೇಡ. ಲೈಸೆನ್ಸ್ ವಶಕ್ಕೆ ತಗೊಂಡ್ರೆ ಅದಕ್ಕೆ ಸ್ವೀಕೃತಿ ಚೀಟಿ ಕೇಳಿ ಪಡೀಬೇಕು. ದಂಡ ಒಪ್ಪಿಗೆ ಇಲ್ಲಾಂದ್ರೆ ಅಲ್ಲೇ ಕಟ್ಟದೆ ಕೋರ್ಟಲ್ಲಿ ಹೇಳ್ಕೋಬಹುದು. ಕಟ್ಟಿದ್ರೆ ಮಷಿನ್ನಿಂದ ಚೀಟಿ ಬರೋತನಕ ಗಾಡಿ ಸ್ಟಾರ್ಟ್ ಮಾಡಬೇಡಿ.

ಬಾಕಿ ಐನೂರು ಮರುದಿನವೇ ಕಟ್ಟಿದೆ. ಒಟ್ಟು ಏಳುನೂರು. "ಅದ್ರಾಗೆ ಒಂದು ಹೊಸ ಹೆಲ್ಮೆಟ್ ಬರ್ತಿತ್ತಲ್ಲ" ಅಂತ ನನ್ನ ಹೆಂಡ್ತಿ ಇವತ್ತಿಗೂ ಅಂತಾಳೆ.