ಪಿಎಚ್‌ಪಿ ಮ್ಯಾನುಯಲ್‌ನಲ್ಲಿ ನಾನು ಮೊದಲು ಓದುವುದು ಪುಟದ ತಳವನ್ನು

ವೆಬ್‌ಸೈಟ್ ಕಟ್ಟಲು ಬಳಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ. ಅದರ ಆನ್‌ಲೈನ್ ಮ್ಯಾನುಯಲ್‌ನ ಯಾವ ಪುಟ ತೆರೆದರೂ ನನ್ನ ಬೆರಳು ತಾನಾಗಿಯೇ ಕೆಳಗೆ ಸ್ಕ್ರೋಲ್ ಮಾಡುತ್ತದೆ. ಅಲ್ಲಿ ಬಳಸಿದವರೇ ಬರೆದ ನೋಟ್ಸ್ ಇರುತ್ತವೆ. ಸೀನಿಯರ್ ಕೊಟ್ಟ ಹಳೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಏನೋ ಗೀಚಿರುತ್ತಾರಲ್ಲ, ಪಾಠಕ್ಕಿಂತ ಅದೇ ಬೇಗ ತಲೆಗೆ ಹತ್ತುತ್ತದಲ್ಲ, ಹಾಗೆ. ಇನ್ನೊಂದು ಭಾಷೆ ಪೈಥಾನ್‌ನ ಮ್ಯಾನುಯಲ್‌ನಲ್ಲಿ ಈ ವ್ಯವಸ್ಥೆ ಇಲ್ಲ. ಅದು ನೀಟಾಗಿದೆ, ಒಪ್ಪಿದೆ, ಆದರೆ ಮಾತಾಡಿಸೋಕೆ ಅಲ್ಲಿ ಯಾರೂ ಸಿಗುವುದಿಲ್ಲ.

ನನಗೆ ಇದರ ರುಚಿ ಹತ್ತಿದ್ದು ಒಂದು ಕನ್ನಡ ಸುದ್ದಿ ಸೈಟಿನ ಕೆಲಸದಲ್ಲಿ. ಉದ್ದದ ಹೆಡ್‌ಲೈನ್ ಕತ್ತರಿಸಿ ಮೂರು ಚುಕ್ಕಿ ಹಾಕಬೇಕಿತ್ತು. ಪಠ್ಯ ಕತ್ತರಿಸುವ ಸಬ್‌ಸ್ಟ್ರ್ ಅನ್ನುವ ಫಂಕ್ಷನ್ (ಪಿಎಚ್‌ಪಿಯಲ್ಲೇ ಸಿಗುವ ರೆಡಿಮೇಡ್ ಕಮಾಂಡ್) ಹಾಕಿದೆ. ಅರ್ಧಕ್ಕರ್ಧ ಹೆಡ್‌ಲೈನ್‌ಗಳ ಕೊನೆಯಲ್ಲಿ ಕಪ್ಪು ಡೈಮಂಡಿನೊಳಗೆ ಪ್ರಶ್ನೆ ಚಿಹ್ನೆ ಬಂತು. ಸಬ್‌ಸ್ಟ್ರ್ ಆಗಲಿ, ಪಠ್ಯದ ಉದ್ದ ಹೇಳುವ ಸ್ಟ್ರ್‌ಲೆನ್ ಆಗಲಿ ಲೆಕ್ಕ ಹಾಕುವುದು ಬೈಟ್‌ಗಳಲ್ಲಿ, ಅಂದ್ರೆ ಕಂಪ್ಯೂಟರ್ ಪಠ್ಯವನ್ನು ಇಟ್ಟುಕೊಳ್ಳುವ ಪುಟ್ಟ ತುಣುಕುಗಳಲ್ಲಿ. ಸ್ಟ್ರ್‌ಲೆನ್ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಅಂತ ಮ್ಯಾನುಯಲ್ ಮೇಲ್ಗಡೆಯೇ ಹೇಳಿದೆ. ಓದಿದ್ದೆ ಕೂಡ. ಆದರೆ ಅರ್ಥ ಆಗಿದ್ದು ಕೆಳಗೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಜೊತೆ ಒದ್ದಾಡಿದವರು ಬರೆದದ್ದನ್ನು ನೋಡಿದಾಗಲೇ. ಕೂತು 'ಕನ್ನಡ' ಅನ್ನುವ ಪದವನ್ನೇ ಎಣಿಸಿದೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಸ್ಟ್ರ್‌ಲೆನ್ ಹೇಳುವುದು 15. ಬೈಟ್ ಬಿಟ್ಟು ಅಕ್ಷರದ ಚೂರುಗಳನ್ನು ಎಣಿಸುವ ಎಂಬಿ ಸ್ಟ್ರ್‌ಲೆನ್ ಹೇಳುವುದು 5, ಯಾಕಂದ್ರೆ ಕ, ನ, ಒತ್ತಕ್ಷರ ಕೂಡಿಸುವ ಚಿಹ್ನೆ (್), ಇನ್ನೊಂದು ನ, ಡ ಅಂತ ಐದು ಚೂರು, ಚೂರಿಗೆ ಮೂರು ಬೈಟ್. ನಾಲ್ಕು ಬೈಟ್‌ಗೆ ಕತ್ತರಿಸಿದರೆ ಕ ಪೂರ್ತಿ ಬರುತ್ತದೆ, ನ ಮೂರರಲ್ಲಿ ಒಂದು ಪಾಲು ಮಾತ್ರ. ಆ ಡೈಮಂಡ್ ಅದೇ.

ಹಾಗಂತ ಎಲ್ಲಾ ನೋಟ್ಸ್ ನಂಬಿದರೆ ಕಥೆ ಮುಗೀತು. ಪ್ರತಿ ನೋಟ್ ಪಕ್ಕದಲ್ಲಿ ಓಟು ಹಾಕುವ ಬಾಣಗಳಿವೆ, ಜಾಸ್ತಿ ಓಟು ಬಿದ್ದದ್ದು ಮೇಲೆ ಬರುತ್ತದೆ. ಹಳೆಯದಾದಷ್ಟೂ ಓಟು ಸೇರುತ್ತಾ ಹೋಗುತ್ತವೆ, ಅಲ್ವಾ? ಎಷ್ಟು ವರ್ಷದ ಹಿಂದಿನದು ಅಂತ ಅಲ್ಲೇ ಬರೆದಿರುತ್ತದೆ, ನಾವು ನೋಡಬೇಕಷ್ಟೆ. ನಾನು ನೋಡಲಿಲ್ಲ. ಒಂದು ನೋಟ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೊತೆ ಮಾತಾಡುವ ಹಳೇ ಫಂಕ್ಷನ್‌ಗಳಿದ್ದ ಕೋಡನ್ನು ಹಾಗೇ ಎತ್ತಿಕೊಂಡೆ. ನನ್ನ ಲ್ಯಾಪ್‌ಟಾಪಿನಲ್ಲಿ ಹಳೇ ಪಿಎಚ್‌ಪಿ 5 ಇತ್ತು, ಚೆನ್ನಾಗಿ ಓಡಿತು. ಸರ್ವರ್‌ನಲ್ಲಿ 7. ಆ ಫಂಕ್ಷನ್‌ಗಳನ್ನು 2015ರಲ್ಲಿ ಬಂದ 7.0ರಲ್ಲೇ ಕಿತ್ತುಹಾಕಿದ್ದಾರೆ, 2013ರ 5.5ರಿಂದಲೇ ಎಚ್ಚರಿಕೆ ಕೊಡುತ್ತಿದ್ದರು. ಡೆಮೋ ದಿನ ಪರದೆ ಮೇಲೆ ಬಂದಿದ್ದು ಫೇಟಲ್ ಎರರ್ ಒಂದೇ. "ಇದನ್ನ ಎಲ್ಲಿಂದ ಎತ್ಕೊಂಡು ಬಂದೆ ಮಾರಾಯ?" ಅಂದರು ಸೀನಿಯರ್. ಮ್ಯಾನುಯಲ್‌ನಿಂದಲೇ ಸರ್ ಅಂದೆ. ನಗಬೇಕೋ ಬೈಯಬೇಕೋ ಅವರಿಗೇ ಗೊತ್ತಾಗಲಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಇನ್ನೂ ಹುಷಾರು. ಪಾಸ್‌ವರ್ಡನ್ನು ಗುರುತು ಸಿಗದಂತೆ ಬದಲಿಸಿಡಲು ಎಂಡಿ5 ಅನ್ನುವ ಹಳೇ ವಿಧಾನಕ್ಕೆ 'ಉಪ್ಪು' (ಸಾಲ್ಟ್, ಅಂದ್ರೆ ಒಂದಿಷ್ಟು ಹೆಚ್ಚುವರಿ ಅಕ್ಷರ) ಬೆರೆಸುವ ಸ್ವಂತ ರೆಸಿಪಿಗಳು ಯಾರ ಹತ್ತಿರ ಸಿಕ್ಕಿದರೂ ಸುಮ್ನೆ ದಾಟಿಬಿಡಿ, ಅದಕ್ಕೆ ಪಾಸ್‌ವರ್ಡ್ ಹ್ಯಾಶ್ ಅನ್ನುವ ಫಂಕ್ಷನ್ 5.5ರಿಂದಲೇ ಇದೆ.

ನೋಟ್ ಸೇರಿಸುವುದು ಸುಲಭ. ನಾನು ನೋಡಿದಾಗ ಸ್ಪ್ಯಾಮ್ ತಡೆಯಲು ಒಂಬತ್ತು ಮತ್ತು ಒಂದರಲ್ಲಿ ದೊಡ್ಡದು ಯಾವುದು ಅನ್ನುವಂಥ ಪುಟ್ಟ ಪ್ರಶ್ನೆ ಕೇಳುತ್ತಿತ್ತು, ಅದೂ ಪಿಎಚ್‌ಪಿಯ ಮ್ಯಾಕ್ಸ್ ಫಂಕ್ಷನ್ ರೂಪದಲ್ಲಿ. ಮುದ್ದಾಗಿದೆ. ಮ್ಯಾನುಯಲ್‌ನ ಪಠ್ಯವೇ ತಪ್ಪಿದ್ದರೆ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಈ ತಿದ್ದುಪಡಿ ಸೇರಿಸಿ ಅನ್ನುವ ಕೋರಿಕೆ) ಹಾಕಬಹುದು, ಪುಟದಲ್ಲೇ ಲಿಂಕ್ ಇದೆ. ನಿಜವಾದ ತಿದ್ದುಪಡಿಗೆ ಅದೇ ಸರಿಯಾದ ದಾರಿ. ಆದರೆ "ನಾನು ಇಲ್ಲಿ ಬಿದ್ದೆ, ನೀವು ನೋಡಿಕೊಂಡು ಹೋಗಿ" ಅನ್ನೋಕೆ ನೋಟೇ ಬೇಕು.

ಅಂದಹಾಗೆ, ಬೈಟ್ ಬದಲು ಚೂರಿನ ಲೆಕ್ಕದಲ್ಲಿ ಕತ್ತರಿಸುವ ಎಂಬಿ ಸಬ್‌ಸ್ಟ್ರ್ ಹಾಕಿದ ಮೇಲೆ ಡೈಮಂಡ್ ಹೋಯಿತು, ಒತ್ತಕ್ಷರದ ಗೋಳು ಹೋಗಿಲ್ಲ. 'ಕನ್ನಡ'ವನ್ನು ಮೂರಕ್ಕೆ ಕತ್ತರಿಸಿದರೆ 'ಕನ್' ಅಂತ ನಿಲ್ಲುತ್ತದೆ. ಇದರ ಬಗ್ಗೆ ಕನ್ನಡದ ಉದಾಹರಣೆ ಇರುವ ನೋಟ್ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಒಂದು ಬರೆದಿಟ್ಟಿದ್ದೇನೆ. ಈ ಶನಿವಾರ ಕಳಿಸಬೇಕು.