ರೊಟ್ಟಿ-ಚಟ್ನಿ ಮಾರಾಕ ಮೂರು ಥರ ವೆಬ್‌ಸೈಟ್ ಮಾಡಿ ನೋಡೀನಿ, ಉಳದದ್ದು ಒಂದ

ಮೊದಲ ಹೇಳಿಬಿಡ್ತೀನಿ, ನನಗ ಒಂದ ಪುಟದ ಸೈಟು ಮತ್ತ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗು (ಮಾಲಿನ ಫೋಟೋ, ರೇಟ್ ತೋರಸೋ ಪಟ್ಟಿ), ಇಷ್ಟ ಸಾಕಾಗೇತಿ. ಉಳದ ಎರಡು ಬ್ಯಾಡ ಅನ್ನೂದನ್ನ ರೊಕ್ಕ ಕೊಟ್ಟ ಕಲ್ತೀನಿ.

ನಾವು ಇರೂದು ಪುಣೆದಾಗ, ಸಿಂಹಗಡ ರೋಡ್ ಕಡೆ. ನಮ್ಮ ಅತ್ತಿ ಮತ್ತ ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ ಮಾಡಿ ಮಾರ್ತೀವಿ, ಹಬ್ಬ ಬಂದ್ರ ಶೇಂಗಾ ಹೋಳಿಗಿ. ಗಿರಾಕಿ ಅಂದ್ರ ಹಿಂಜವಡಿ, ಖರಾಡಿ ಕಡೆ ಐಟಿಯೊಳಗಿರೋ ನಮ್ಮ ವಿಜಾಪುರ, ಬಾಗಲಕೋಟಿ ಹುಡುಗ್ರು, ಈಗೀಗ ಬಾಜೂ ಬಿಲ್ಡಿಂಗಿನ ಮರಾಠಿ ಮಂದೀನೂ.

ಮೊದಲ ಮಾಡಿಸಿದ್ದು ವರ್ಡ್‌ಪ್ರೆಸ್ (ಸೈಟ್ ಮಾಡೋ ಸಾಫ್ಟ್‌ವೇರ್) ಸೈಟು, ಮ್ಯಾಲ ವೂಕಾಮರ್ಸ್ (ಅದರಾಗ ಅಂಗಡಿ ಇಡೋ ಜೋಡಣಿ) ಹಾಕಿ. ಇವೆರಡೂ ಸಾಫ್ಟ್‌ವೇರ್ ಫುಕಟ್ಟ, ನಾವು ಕೊಡೂದು ಹೋಸ್ಟಿಂಗಿಗೆ (ಸೈಟ್ ಇಡೋ ಜಾಗದ ಬಾಡಗಿ), ಡೊಮೇನಿಗೆ (ವರ್ಷದ ಲೆಕ್ಕದಾಗ ತಗೊಳೋ ಸೈಟಿನ ಹೆಸರು), ಮಾಡಿದವರ ಕೂಲಿಗೆ. ನಮ್ಮ ಮೈದುನನ ಗೆಳ್ಯಾ ಒಬ್ಬ 18 ಸಾವಿರಕ್ಕ ಮಾಡಿಕೊಟ್ಟ, ಸೈಟ್ ಭಾಳ ಚಂದ ಇತ್ತು, ಸುಳ್ಳ ಹೇಳೂದಿಲ್ಲ. ಡೊಮೇನ್ ಯಾರ ಹೆಸರಿಗೆ ಅಂತ ನಾ ಕೇಳ್ಲೇ ಇಲ್ಲ, "ಅಕ್ಕಾರ, ಎಲ್ಲಾ ಸೇರಿ ಅಷ್ಟ, ಟೆನ್ಶನ್ ತಗೋಬ್ಯಾಡ್ರಿ" ಅಂದ, ನಾ ತಗೋಳಿಲ್ಲ.

ಟೆನ್ಶನ್ ಬಂದದ್ದು ಮುಂದಿನ ವರ್ಷ ದೀಪಾವಳಿಗೆ ಒಂಬತ್ತು ದಿನ ಇದ್ದಾಗ. ಮುಂಜಾನೆ ಒಬ್ಬಾಕಿ ಗಿರಾಕಿ ಫೋನ್ ಮಾಡಿ "ಅಕ್ಕಾ, ನಿಮ್ಮ ಸೈಟ್ ತಗದ್ರ ಏನೇನೋ ಜಾಹೀರಾತು ಬರಾಕತ್ತೇತಿ" ಅಂದ್ಳು. ನೋಡಿದ್ರ ಡೊಮೇನಿನ ವರ್ಷ ಮುಗದು ಹೋಗೇತಿ. ಅದನ್ನ ಆ ಹುಡುಗ ತನ್ನ ಅಕೌಂಟಿನಾಗ, ತನ್ನ ಇಮೇಲ್ ಹಾಕಿ ತಗೊಂಡಿದ್ದ, ರಿನ್ಯೂ ಮಾಡ್ರಿ ಅನ್ನೋ ಮೇಲ್ ಎಲ್ಲಾ ಅವನ ಯಾವುದೋ ಹಳೇ ಐಡಿಗೆ ಹೊಂಟಿದ್ವು, ಅವ ನೌಕರಿ ಸಿಕ್ತಂತ ಊರ ಬಿಟ್ಟು ನಂಬರ್ ಬದಲಿ ಮಾಡಿದ್ದ. ಡೊಮೇನ್ ಕಂಪ್ನಿಯವರಿಗೆ ಫೋನ್ ಹಚ್ಚಿದ್ರ ಅವರು ಕೇಳೂದು ಒಂದ ಮಾತು, ಅಕೌಂಟ್ ನಿಮ್ಮದೇನ್ರಿ? ಅಲ್ಲ. ಬಿಲ್ಲು ನಂದು, ಹೆಸರು ನಮ್ಮ ಮನಿದು, ಆದ್ರ ಕಾಗದದ ಮ್ಯಾಲ ಮಾಲೀಕ ಅವ. ಅವರದೂ ತಪ್ಪಿಲ್ಲ ಬಿಡ್ರಿ, ಯಾರ ಬೇಕಾದ್ರೂ ಫೋನ್ ಮಾಡಿ ನಂದು ಅಂದ್ರ ಕೊಡಾಕ ಬರ್ತದೇನು.

ಅದಕ್ಕಿಂತ ಹೊಟ್ಟಿ ಉರದದ್ದು ಲೇಬಲ್. ಪುಣೆದ ಅಪ್ಪಾ ಬಳವಂತ ಚೌಕದ ಹತ್ರ 2,000 ಸ್ಟಿಕರ್ ಹೊಡಿಸಿದ್ವಿ, ಎಲ್ಲಾದರ ಮ್ಯಾಲೂ ಸೈಟಿನ ಹೆಸರು. ನಮ್ಮ ಮನಿಯವರು ರಾತ್ರಿ ಊಟ ಆದಮ್ಯಾಲ ಅಡಗಿಮನ್ಯಾಗ ಚಾಪಿ ಹಾಕ್ಕೊಂಡ ಕುಂತು ಕರೇ ಮಾರ್ಕರಿನಿಂದ ಒಂದೊಂದ ಸ್ಟಿಕರಿನ ಮ್ಯಾಲಿನ ಸೈಟಿನ ಹೆಸರಿನ ಸಾಲು ಹೊಡದ ಹಾಕ್ತಿದ್ರು, ಶಾಯಿ ಪ್ಲಾಸ್ಟಿಕಿಗೆ ಹತ್ತದ ಚಟ್ನಿ ಪಾಕೀಟಿನ ತುಂಬ ಕರೇ ಬೆರಳಿನ ಗುರುತು, ಅತ್ತಿ ನೋಡಿ "ಇದನ್ನ ಯಾರ ತಿಂತಾರೋ" ಅಂದ್ರು.

ಹನ್ನೆರಡನೇ ದಿನ ಹುಡುಗ ಸಿಕ್ಕ. ಪಾಪ, ನಾಚಿಕೊಂಡ, ರಿನ್ಯೂ ಮಾಡಿದ. ಅದ ಕಂಪ್ನಿಯೊಳಗ ನನ್ನ ಹೆಸರಿಲೆ ಅಕೌಂಟ್ ತಗದು ಡೊಮೇನ್ ಅಲ್ಲಿಗೆ ಹಾಕಿಸಿಕೊಂಡೆ. ಬ್ಯಾರೆ ಕಂಪ್ನಿಗೆ ಒಯ್ಯೂದಾದ್ರ ಡೊಮೇನಿನ ಲಾಕ್ ತಗಸಬೇಕು, ಆಥ್ ಕೋಡ್ (ಒಯ್ಯಾಕ ಬೇಕಾಗೋ ಗುಟ್ಟಿನ ನಂಬರು) ಬೇಕು, ಡಾಟ್ ಕಾಮ್ ಹೊಸದಾಗಿ ತಗೊಂಡಿದ್ರ 60 ದಿನ ಒಯ್ಯಾಕನ ಬರೂದಿಲ್ಲ. ಅಷ್ಟೊತ್ತಿಗೆ ದೀಪಾವಳಿ ಮುಗದು ತುಳಸಿ ಲಗ್ನದ ತಯಾರಿ ನಡದಿತ್ತು.

ಎರಡನೇದು ತಿಂಗಳ ಬಾಡಗಿ ಕೊಡೋ ರೆಡಿಮೇಡ್ ಬಿಲ್ಡರ್, ಅಂದ್ರ ಸೈಟ್ ನಾವ ಮಾಡಿಕೊಳ್ಳೋ ಆನ್‌ಲೈನ್ ಸೇವಾ. ಐದು ತಿಂಗಳು ಇಟ್ಕೊಂಡಿದ್ದೆ. ಅಪ್ಡೇಟಿನ ತಲಿನೋವಿಲ್ಲ, ಕನ್ನಡ ಅಕ್ಷರ ಮೊಬೈಲಿನಾಗ ಸರಿ ಕಾಣ್ತಾವ, ಎರಡು ದಿನದಾಗ ನಾನ ಮಾಡಿದೆ. ಬಾಡಗಿ ನಿಲ್ಲಿಸಿದ್ರ ಅಂಗಡಿ ಬಂದ್, ಅದೊಂದು. ಪೇಮೆಂಟ್ ಗೇಟ್‌ವೇ (ಸೈಟಿನಾಗ ರೊಕ್ಕ ತಗೊಂಡು ನಮಗ ಮುಟ್ಟಸೋ ಕಂಪ್ನಿ) 2% ತಗೋತಾರ, ಅದರ ಮ್ಯಾಲ 18% ಜಿಎಸ್‌ಟಿ, 350 ರೂಪಾಯಿ ಆರ್ಡರಿಗೆ 8 ರೂಪಾಯಿ ಚಿಲ್ಲರ ಹೋತು. ಸಣ್ಣದ ಅನಸ್ತೈತಿ, ಆದ್ರ ನಮಗ ರೊಟ್ಟಿ ಪಾಕೀಟಿನಾಗ ಉಳಿಯೂದ ಎಷ್ಟು. ಮ್ಯಾಲ ರಿಫಂಡ್ ಪಾಲಿಸಿ, ಪ್ರೈವಸಿ ಪಾಲಿಸಿ ಅಂತ ಪುಟ ಇಲ್ಲದಿದ್ರ ಗೇಟ್‌ವೇ ಚಾಲೂ ಮಾಡೂದಿಲ್ಲ. ಒಡದ ಖಡಕ್ ರೊಟ್ಟಿಗೆ ರಿಫಂಡ್ ಪಾಲಿಸಿ ಏನಂತ ಬರೀಲಿ?

ಇನ್ನೊಂದು, ಚಟ್ನಿಯಂಥ ತೆರಿಗಿ ಇರೋ ಮಾಲು ಬ್ಯಾರೆ ರಾಜ್ಯಕ್ಕ ಮಾರಿದ್ರ ವ್ಯಾಪಾರ ಎಷ್ಟ ಸಣ್ಣದಿದ್ರೂ ಜಿಎಸ್‌ಟಿ ನೋಂದಣಿ ಬೇಕು, ನಮ್ಮದಿಲ್ಲ, ಅದಕ್ಕ ಮಹಾರಾಷ್ಟ್ರದ ಪಿನ್‌ಕೋಡ್ ಅಷ್ಟ ತಗೋಳಂಗ ಇಡ್ರಿ ಅಂತ ಸಿಎ ಹೇಳಿದ್ರು. 40ರಿಂದ 44ರ ತನಕ ಶುರು ಆಗೋ ಪಿನ್‌ಕೋಡ್ ಅಂತ ಇಟ್ಟೆ. ಮೂರ ದಿನಕ್ಕ ಮಡಗಾಂವದಿಂದ ಆರ್ಡರ್ ಬಂತು! 403ರಿಂದ ಶುರು ಆಗೋದು ಗೋವಾದ್ದಂತ. ರೊಕ್ಕ ವಾಪಸ್ ಹಾಕಿದೆ.

ಖರೇ ಹೇಳ್ಬೇಕಂದ್ರ ನಮ್ಮ ಮಂದಿ ಕಾರ್ಟಿನಾಗ ಹಾಕೂದ ಇಲ್ಲ. "ವೈನಿ, ಖಾರ ಕಡಿಮಿ ಮಾಡಿ ಕೊಡ್ತೀರೇನು" ಅಂತ ಕೇಳದ ತಗೋಳೂದಿಲ್ಲ, ಅದನ್ನ ಕೇಳಾಕ ಕಡೀಕ ವಾಟ್ಸಾಪಿಗೇ ಬರ್ತಾರ.

ಹಿಂಗಾಗಿ ಮೂರನೇದು. ಡೊಮೇನ್ ನನ್ನ ಹೆಸರಿಗೆ, ಒಂದ ಪುಟ, ಅದರಾಗ ನಾಕು ಫೋಟೋ, ಎಫ್‌ಎಸ್‌ಎಸ್‌ಎಐ (ಊಟ-ತಿಂಡಿ ಮಾರೋರಿಗೆ ಸರಕಾರದ ನೋಂದಣಿ) 14 ಅಂಕಿ ನಂಬರು, ಒತ್ತಿದ್ರ ವಾಟ್ಸಾಪ್ ತಗಿಯೋ ಬಟನ್. ಕ್ಯಾಟಲಾಗಿನಾಗ 500 ಐಟಂ ಹಾಕಬಹುದಂತ, ನಮ್ಮವು ಹನ್ನೊಂದ. ರೊಕ್ಕ ಯುಪಿಐ, ಕಟ್ ಇಲ್ಲ. ಗೂಗಲ್ ಮ್ಯಾಪಿನಾಗ ಬಿಸಿನೆಸ್ ಪ್ರೊಫೈಲು ಫುಕಟ್ಟ, ಮೊದಲ ಅದರ ಜೋಡಿ ಒಂದು ಸಣ್ಣ ಸೈಟೂ ಕೊಡ್ತಿದ್ರು, 2024ರ ಮಾರ್ಚಿನಾಗ ಬಂದ್ ಮಾಡಿದ್ರು, ಇಲ್ಲಂದ್ರ ಈ ಪುಟಾನೂ ಮಾಡ್ತಿದ್ದಿಲ್ಲ. ಇದಕ್ಕೂ ಕೊರತಿ ಐತಿ, ಸ್ಟಾಕ್ ಲೆಕ್ಕ ತಾನಾಗೇ ಆಗೂದಿಲ್ಲ, ಸಂಕ್ರಾಂತಿಗೆ ಅತ್ತಿ ಒಂದು ಫೋನಿನಾಗ ನಾ ಇನ್ನೊಂದರಾಗ ಉಳದ ಐದ ಪಾಕೀಟ್ ಹೋಳಿಗಿ ಇಬ್ಬರಿಗೆ ಮಾರಿ ರಾತ್ರಿ ಹನ್ನೊಂದಕ್ಕ ಮತ್ತ ಹೂರ್ಣ ಹುರದ್ವಿ. ಆದ್ರೂ ಅತ್ತಿಗೆ ವಾಯ್ಸ್ ಮೆಸೇಜ್ ಕೇಳಿ ಲೇಬಲ್ ಹಚ್ಚಾಕ ಬರ್ತೈತಿ, ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡ್ ತಗಿಯಾಕ ಬರೂದಿಲ್ಲ, ನನಗ ಅದ ಮುಖ್ಯ.

ನಿಮ್ಮ ಹತ್ರ ನೂರಾರು ಐಟಂ ಇದ್ರ, ಜಿಎಸ್‌ಟಿ ಇದ್ರ, ಬಿಲ್ಡರ್ ತಗೋರಿ, ನಿಮಗ ಅದ ಸರಿ. ಹುಡುಗರ ಕಡೆ ಮಾಡಿಸೂದಾದ್ರ ಅಡ್ವಾನ್ಸ್ ಕೊಡೂಕಿಂತ ಮೊದಲ ಡೊಮೇನ್ ನೀವ ತಗೊಂಡು ಬರೇ ಲಾಗಿನ್ ಕೊಡ್ರಿ. ನಾ ಐದು ವರ್ಷದ್ದು ಒಮ್ಮೆಲೆ ತುಂಬೀನಿ. ಮಾರ್ಕರ್ ಹಚ್ಚಿದ ಸ್ಟಿಕರ್ ಇನ್ನೂ ಮುನ್ನೂರರ ಮ್ಯಾಲ ಅದಾವ, ಮನಿಯವರು ಒಗಿಯಾಕ ಕೊಡಾಕತ್ತಿಲ್ಲ, ಹಿಟ್ಟಿನ ಡಬ್ಬಿಗೆ ಹಚ್ಚಾಕತ್ತಾರ.