ರಿಕಂಬೆಂಟ್ ಟ್ರೈಕ್: ಆರು ವರ್ಷ ಓಡಿಸಿದ ಮೇಲೆ ಮೂರು ಗಾಡಿಗಳ ಹೋಲಿಕೆ

ಒಳಕಿವಿಯ ತೊಂದರೆಯಿಂದಾಗಿ ಎರಡು ಗಾಲಿಯ ಸೈಕಲ್ಲಿನ ಮೇಲೆ ಸಮತೋಲನ ಕಾಯ್ದುಕೊಳ್ಳುವುದು ಆಗದೇ ಹೋದಾಗ, ಒರಗಿ ಕುಳಿತು ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಗಾಲಿಯ ಟ್ರೈಕ್ ನನಗೆ ಉಳಿದಿದ್ದ ಒಂದೇ ದಾರಿ. ಅಲ್ಲಿಂದ ಈಚೆಗೆ ಆರು ವರ್ಷಗಳಲ್ಲಿ ಮೂರು ಬಗೆಯ ಟ್ರೈಕ್‌ಗಳನ್ನು ಒಟ್ಟು ಸುಮಾರು 14,000 ಕಿಲೋಮೀಟರ್ ಓಡಿಸಿದ್ದೇನೆ. ಮೊದಲನೆಯದು ನೆಲಕ್ಕೆ ತೀರಾ ಹತ್ತಿರವಿರುವ, ಸೀಟು 22 ಸೆಂಟಿಮೀಟರ್ ಎತ್ತರದ ಟ್ಯಾಡ್‌ಪೋಲ್. ಎರಡನೆಯದು ಸೀಟು 38 ಸೆಂಟಿಮೀಟರ್ ಎತ್ತರದಲ್ಲಿರುವ, ಹಿಂದಿನ ಗಾಲಿಗೆ ಸಸ್ಪೆನ್ಷನ್ ಇರುವ, ಮಡಚಬಹುದಾದ ಟ್ಯಾಡ್‌ಪೋಲ್. ಮೂರನೆಯದು ಕುರ್ಚಿಯಷ್ಟು ಎತ್ತರದ ಡೆಲ್ಟಾ. ನನ್ನ ಗಾಡಿಗಳ ಕಂಪನಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಲಿರುವ ಗುಣದೋಷಗಳಲ್ಲಿ ಹೆಚ್ಚಿನವು ತಯಾರಕರಿಗಿಂತ ವಿನ್ಯಾಸಕ್ಕೆ ಸೇರಿದವು.

ಮುಂದೆ ಎರಡು ಗಾಲಿ, ಹಿಂದೆ ಒಂದು ಗಾಲಿ ಇದ್ದರೆ ಅದು ಟ್ಯಾಡ್‌ಪೋಲ್. ಮೇಲಿನಿಂದ ನೋಡಿದರೆ ಗೊದಮೊಟ್ಟೆಯ ಆಕಾರ ಕಾಣುವುದರಿಂದ ಆ ಹೆಸರು. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ. ಅಮೆರಿಕದ ಕ್ಯಾಟ್ರೈಕ್, ಬ್ರಿಟನ್ನಿನ ಐಸ್, ಜರ್ಮನಿಯ ಎಚ್‌ಪಿ ವೆಲೋಟೆಕ್ನಿಕ್ ಕಂಪನಿಗಳು ಟ್ಯಾಡ್‌ಪೋಲ್‌ಗಳಿಗೆ ಹೆಸರಾದವು. ಜರ್ಮನಿಯದೇ ಆದ ಹಾಸೆ ಕಂಪನಿಯ ಕೆಟ್‌ವೀಸಲ್ ಡೆಲ್ಟಾಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ. ಯಾವ ಹೆಸರಿನದನ್ನು ಕೊಳ್ಳುವುದಿದ್ದರೂ ಮೊದಲು ಟೇಪು ಹಿಡಿದು ಸೀಟಿನ ಎತ್ತರ ಅಳೆಯಿರಿ ಎಂಬುದು ನನ್ನ ಸಲಹೆ. ಗಾಡಿ ಮಗುಚುತ್ತದೆಯೋ ಇಲ್ಲವೋ, ಮೈಕೈ ನೋಯುತ್ತದೆಯೋ ಇಲ್ಲವೋ, ತಿರುವಿನಲ್ಲಿ ಹೇಳಿದಂತೆ ಕೇಳುತ್ತದೆಯೋ ಇಲ್ಲವೋ ಎಂಬ ಮೂರೂ ಪ್ರಶ್ನೆಗಳು ಕೊನೆಗೆ ಆ ಒಂದು ಅಳತೆಗೇ ಬಂದು ಸೇರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೂರು ಗಾಲಿ ಇದೆಯೆಂದ ಮಾತ್ರಕ್ಕೆ ಗಾಡಿ ಬೀಳುವುದಿಲ್ಲ ಎಂದು ನಂಬಿ ನಾನು ಶುರುಮಾಡಿದ್ದೆ. ಎರಡು ಗಾಲಿಯ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಟ್ರೈಕ್ ವಾಲುವುದಿಲ್ಲ, ಆದ್ದರಿಂದ ಹೊರಕ್ಕೆ ಎಳೆಯುವ ಬಲವನ್ನೆಲ್ಲ ಗಾಲಿಗಳ ನಡುವಿನ ಅಗಲ ಮತ್ತು ಭಾರದ ಎತ್ತರ ಇವೆರಡೇ ಸಂಭಾಳಿಸಬೇಕು. ಇನ್ನೊಂದು ಸಂಗತಿ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ಟ್ಯಾಡ್‌ಪೋಲ್ ಮಗುಚುವುದು ಮುಂದಿನ ಹೊರಗಾಲಿ ಮತ್ತು ಹಿಂದಿನ ಗಾಲಿಯನ್ನು ಕೂಡಿಸುವ ಓರೆ ಗೆರೆಯ ಮೇಲೆ. ಹಾಗಾಗಿ ಮುಂದಿನ ಗಾಲಿಗಳ ಅಂತರ 76 ಸೆಂಟಿಮೀಟರ್ ಇದ್ದರೂ, ಭಾರದ ಮೂರರಲ್ಲಿ ಎರಡು ಪಾಲು ಮುಂದಿದ್ದಾಗ, ಸವಾರನ ಪಕ್ಕಕ್ಕೆ ನಿಜವಾಗಿ ಸಿಗುವ ಆಧಾರ 25 ಸೆಂಟಿಮೀಟರಿನಷ್ಟು ಮಾತ್ರ. ಸವಾರನನ್ನೂ ಸೇರಿಸಿ ಗುರುತ್ವ ಕೇಂದ್ರವು ತಗ್ಗಿನ ಗಾಡಿಯಲ್ಲಿ ನೆಲದಿಂದ 42 ಸೆಂಟಿಮೀಟರ್, ಎತ್ತರದ ಗಾಡಿಯಲ್ಲಿ 57 ಸೆಂಟಿಮೀಟರ್ ಇದೆಯೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಮೈ ಬಾಗಿಸದೆ ತಿರುಗಿಸಬಹುದಾದ ಅತಿ ಚಿಕ್ಕ ತಿರುವಿನ ತ್ರಿಜ್ಯ ಮೊದಲನೆಯದಕ್ಕೆ ಸುಮಾರು 5 ಮೀಟರ್, ಎರಡನೆಯದಕ್ಕೆ 7 ಮೀಟರ್ ಮೀರುತ್ತದೆ. ವೇಗ 30ಕ್ಕೆ ಏರಿದರೆ ಅವು ಕ್ರಮವಾಗಿ 12 ಮತ್ತು 16 ಮೀಟರ್ ಆಗುತ್ತವೆ. ವೇಗ ಒಂದೂವರೆ ಪಟ್ಟಾದರೆ ಬೇಕಾಗುವ ಜಾಗ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ಎನ್ನುವುದನ್ನು ಇಳಿಜಾರಿಗೆ ಹೋಗುವ ಮೊದಲೇ ತಿಳಿದಿರಬೇಕು.

ನಾನು ಇದನ್ನು ಕಲಿತದ್ದು ಇಳಿಜಾರಿನ ಒಂದು ಎಡ ತಿರುವಿನಲ್ಲಿ, ಎರಡನೆಯ ಗಾಡಿಯನ್ನು ತಂದ ಮೊದಲ ತಿಂಗಳು. ತಗ್ಗಿನ ಗಾಡಿಯ ಅಭ್ಯಾಸದಲ್ಲೇ ತಿರುಗಿಸಿದೆ. ಎಡಗಿವಿಯ ಪಕ್ಕದಲ್ಲಿ ಸದಾ ಕೇಳುತ್ತಿದ್ದ ಟೈರಿನ ಸದ್ದು ಥಟ್ಟನೆ ನಿಂತುಹೋಯಿತು. ಎಡಗೈಯ ಹಿಡಿ ಹಗುರಾಯಿತು, ಗಾಲಿ ನೆಲದಿಂದ ಒಂದು ಗೇಣು ಮೇಲೆ ಸುಮ್ಮನೆ ಸುತ್ತುತ್ತಿತ್ತು. ಎದೆಯನ್ನು ಎಡಕ್ಕೆ ಚಾಚಿ, ತಲೆ ಗಾಲಿಯ ಮೇಲೆ ಬರುವಷ್ಟು ಬಾಗಿದಾಗ ಅದು ಮತ್ತೆ ನೆಲಕ್ಕೆ ಇಳಿಯಿತು. ಅಂದಿನಿಂದ ಬಿಗಿಯಾದ ಪ್ರತಿ ತಿರುವಿನಲ್ಲೂ ಮೊದಲು ಮೈ ಒಳಕ್ಕೆ ಬಾಗುತ್ತದೆ, ಆಮೇಲೆ ಕೈ ತಿರುಗುತ್ತದೆ.

ಡೆಲ್ಟಾದ ಸ್ವಭಾವವೇ ಬೇರೆ, ಮತ್ತು ಅದು ಬ್ರೇಕು ಹಿಡಿದಾಗ ಹೊರಬೀಳುತ್ತದೆ. ಬ್ರೇಕು ಹಾಕಿದೊಡನೆ ಭಾರ ಮುಂದಕ್ಕೆ ಜರುಗುತ್ತದೆ. ಟ್ಯಾಡ್‌ಪೋಲಿನಲ್ಲಿ ಮುಂದಿರುವುದು ಅಗಲವಾದ ಎರಡು ಗಾಲಿಗಳ ಆಧಾರ, ಡೆಲ್ಟಾದಲ್ಲಿ ಮುಂದಿರುವುದು ಒಂಟಿ ಗಾಲಿ. ಆದ್ದರಿಂದ ಡೆಲ್ಟಾದಲ್ಲಿ ವೇಗವನ್ನೆಲ್ಲ ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು, ತಿರುವಿನ ನಡುವೆ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು. ಟ್ಯಾಡ್‌ಪೋಲಿನಲ್ಲಿ ಈ ಭಯ ಕಡಿಮೆ, ಆದರೆ ನೇರ ರಸ್ತೆಯಲ್ಲಿ ಮುಂದಿನ ಎರಡು ಗಾಲಿಗಳಿಗೆ ಒಂದೊಂದರಂತೆ ಇರುವ ಎರಡೂ ಬ್ರೇಕನ್ನು ಒಮ್ಮೆಲೇ ಜೋರಾಗಿ ಒತ್ತಿದರೆ ಹಿಂದಿನ ಗಾಲಿ ಮೇಲೆದ್ದುಬಿಡಬಹುದು.

ಹಾಯಾಗಿರುವ ವಿಷಯಕ್ಕೆ ಬಂದರೆ, ತಗ್ಗಿನ ಗಾಡಿಯಲ್ಲಿ ಓಡಿಸುವಷ್ಟು ಹೊತ್ತು ಸುಖ, ಇಳಿಯುವಾಗ ಕಷ್ಟ. ಮಂಡಿಯಲ್ಲಿ ಬಲವಿಲ್ಲದವರಿಗೆ 22 ಸೆಂಟಿಮೀಟರಿನಿಂದ ಎದ್ದು ನಿಲ್ಲುವುದು ದಿನಕ್ಕೆ ಹತ್ತು ಬಾರಿ ಎದುರಾಗುವ ಪರೀಕ್ಷೆ, ಅದೂ ಪಾರ್ಕಿಂಗ್ ಬ್ರೇಕು ಹಾಕುವುದು ಮರೆತರೆ ಕೈಯೂರಿದ ಗಾಡಿ ಹಿಂದಕ್ಕೆ ಸರಿಯುತ್ತದೆ. ನಮ್ಮ ತಂದೆಯವರಿಗೆ ಮಂಡಿಯ ನೋವಿದೆ. ಅವರು ಡೆಲ್ಟಾದ ಮೇಲೆ ಮೊದಲು ಹಿಂತಿರುಗಿ ನಿಂತು ಕುರ್ಚಿಯಲ್ಲಿ ಕೂರುವಂತೆ ಕೂತದ್ದನ್ನು ನೋಡಿದ ದಿನವೇ ಆ ಗಾಡಿ ಅವರದೆಂದು ನಾನು ತೀರ್ಮಾನಿಸಿದೆ, ಮತ್ತು ಈಗ ಅದು ಅವರಲ್ಲೇ ಇದೆ.

ಸೀಟಿನ ಬಟ್ಟೆ, ಮೆತ್ತೆಗಳ ಬಗ್ಗೆ ಬಹಳ ಚರ್ಚೆಯಿದೆ. ಜಾಲರಿ ಸೀಟು ಬೆನ್ನಿಗೆ ಗಾಳಿ ಬಿಡುತ್ತದೆ, ಅದರ ಪಟ್ಟಿಗಳನ್ನು ಸೊಂಟದ ಬಳಿ ಬಿಗಿ ಮಾಡಿ ಭುಜದ ಬಳಿ ಸಡಿಲ ಬಿಟ್ಟರೆ ಬೆನ್ನಿಗೆ ಒಳ್ಳೆಯ ಆಸರೆ ಸಿಗುತ್ತದೆ. ಗಟ್ಟಿ ಸೀಟು ತುಳಿತದ ಬಲವನ್ನು ಪೋಲು ಮಾಡುವುದಿಲ್ಲ, ಆದರೆ ಬೆವರು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ವಿಷಯ ಬೂಮ್, ಅಂದರೆ ಪೆಡಲ್‌ಗಳನ್ನು ಹೊತ್ತು ಮುಂದೆ ಚಾಚಿರುವ ಕೊಳವೆಯ ಉದ್ದ. ಅದು ಚಿಕ್ಕದಾದರೆ ಮಂಡಿಯ ಮುಂಭಾಗ ನೋಯುತ್ತದೆ, ಉದ್ದವಾದರೆ ಮಂಡಿಯ ಹಿಂದೆ ಎಳೆತ, ಹೆಚ್ಚು ನೆಟ್ಟಗೆ ಕೂತರೆ ಪೃಷ್ಠದ ಮಾಂಸಖಂಡಗಳಲ್ಲಿ ಉರಿ. ಮೂರು ವಾರ ಮಂಡಿನೋವು ಅನುಭವಿಸಿದ ಮೇಲೆ ನಾನು ಬೂಮನ್ನು ಒಂದು ಸೆಂಟಿಮೀಟರ್ ಹೊರಕ್ಕೆಳೆದೆ, ನೋವು ಹೋಯಿತು. ಜಾಸ್ತಿ ಹೊರಕ್ಕೆಳೆಯುವುದಿದ್ದರೆ ಚೈನಿನ ಉದ್ದವನ್ನೂ ಹೆಚ್ಚಿಸಬೇಕಾಗುತ್ತದೆ. ಹೇಗೂ ಇಂಥ ಗಾಡಿಯ ಚೈನು ಸಾಮಾನ್ಯ ಸೈಕಲ್ಲಿನ ಮೂರು ಚೈನಿನಷ್ಟು ಉದ್ದ.

ಒಂದು ಎಚ್ಚರಿಕೆಯನ್ನು ಇಲ್ಲಿ ಬಿಡುವಂತಿಲ್ಲ. ಬರಿ ಪೆಡಲ್ ಮೇಲಿಟ್ಟ ಪಾದ ಉಬ್ಬಿನ ಮೇಲೆ ಜಾರಿ ನೆಲಕ್ಕೆ ತಾಗಿದರೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇರುವುದರಿಂದ ಕಾಲು, ಮುಂದಿನ ಗಾಲಿಗಳನ್ನು ಕೂಡಿಸುವ ಅಡ್ಡಪಟ್ಟಿಯ ಅಡಿಗೆ ಎಳೆದುಕೊಂಡು ಹೋಗುತ್ತದೆ, ಮೂಳೆ ಮುರಿಯಬಹುದು. ಸೀಟು ತಗ್ಗಿದ್ದಷ್ಟೂ ಈ ಅಪಾಯ ಹೆಚ್ಚು. ನನ್ನ ಬಲಗಾಲಿನ ಶೂವಿನ ಹಿಮ್ಮಡಿ ಹೀಗೆ ಒಮ್ಮೆ ರಸ್ತೆಗೆ ಉಜ್ಜಿಹೋಯಿತು. ಅದೃಷ್ಟಕ್ಕೆ ವೇಗ ಕಡಿಮೆಯಿತ್ತು. ಶೂ ಕಚ್ಚಿಕೊಳ್ಳುವ ಕ್ಲಿಪ್ ಪೆಡಲ್ ಅಥವಾ ಹಿಮ್ಮಡಿಯನ್ನು ಹಿಡಿಯುವ ಪಟ್ಟಿ ಇಲ್ಲದೆ ಟ್ಯಾಡ್‌ಪೋಲ್ ಓಡಿಸಬೇಡಿ.

ಸ್ಟಿಯರಿಂಗ್‌ನಲ್ಲಿ ಎರಡು ಪಂಗಡಗಳಿವೆ. ನನ್ನ ತಗ್ಗಿನ ಗಾಡಿಯಲ್ಲಿ ಹಿಡಿಗಳು ನೇರವಾಗಿ, ಗಾಲಿ ಎಡಬಲಕ್ಕೆ ತಿರುಗುವ ಕೀಲಿಗೇ ಕೂತಿವೆ. ಕೈ ಸ್ವಲ್ಪ ಅಲುಗಿದರೂ ಗಾಡಿ ಉತ್ತರ ಕೊಡುತ್ತದೆ, ಜೋರಾಗಿ ತುಳಿಯುವಾಗ ಹಿಡಿಯನ್ನು ಎಳೆದರೆ ಹಾವಿನಂತೆ ಹೊರಳುತ್ತದೆ. ಬೆರಳು ತಾಗಿಸಿದಷ್ಟು ಹಗುರವಾಗಿ ಹಿಡಿಯುವುದನ್ನು ಕಲಿಯಲು ಎರಡು ವಾರ ಬೇಕಾಯಿತು, ಕಲಿತ ಮೇಲೆ ಅಷ್ಟು ಆನಂದ ಕೊಡುವ ಗಾಡಿ ಬೇರೆಯಿಲ್ಲ. ಎರಡನೆಯದರಲ್ಲಿ ಸರಳುಗಳ ಮೂಲಕ ತಿರುಗುವ ವ್ಯವಸ್ಥೆಯಿದ್ದು, ಅದು ನಿಧಾನಿ, ದೂರದ ಓಟಕ್ಕೆ ಕೈಗಳಿಗೆ ವಿಶ್ರಾಂತಿ. ಕೆಟ್ಟ ರಸ್ತೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಕಷ್ಟ: ಮೂರು ಗಾಲಿಗಳು ಮೂರು ಬೇರೆ ಜಾಡಿನಲ್ಲಿ ಓಡುವುದರಿಂದ ಮುಂದಿನೆರಡನ್ನು ಗುಂಡಿಯಿಂದ ತಪ್ಪಿಸಿದರೆ ಹಿಂದಿನದು ಅದರೊಳಕ್ಕೆ ಇಳಿಯುತ್ತದೆ, ಮತ್ತು ಆ ಪೆಟ್ಟು ನೇರ ಬೆನ್ನಿಗೆ. ಹಿಂದಿನ ಸಸ್ಪೆನ್ಷನ್‌ಗೆ ಹೆಚ್ಚು ತೂಕ ಹೊರುವುದು ಸಾರ್ಥಕವೆಂದು ನನಗನ್ನಿಸಿದ್ದು ಇದೇ ಕಾರಣಕ್ಕೆ. ಏರಿನಲ್ಲಿ ಟ್ರೈಕ್ ಎಷ್ಟು ನಿಧಾನವಾದರೂ ಬೀಳುವ ಚಿಂತೆಯಿಲ್ಲ; ಅತಿ ಹಗುರದ ಗೇರಿನಲ್ಲಿ ನಡಿಗೆಯ ವೇಗಕ್ಕಿಂತ ಕಡಿಮೆಯಲ್ಲೂ ಹತ್ತಿದ್ದೇನೆ.

ತಗ್ಗಿನ ಗಾಡಿಯ ಮುಂದಿನ ಟೈರುಗಳು 600 ಕಿಲೋಮೀಟರಿಗೇ ಸವೆದುಹೋದವು. ಟೈರಿನ ಮೇಲೆ ಅಂಗೈಯನ್ನು ಅಡ್ಡವಾಗಿ ಸವರಿದಾಗ ಒಂದು ಕಡೆಗೆ ನುಣುಪು, ಮರಳಿ ಸವರಿದಾಗ ಗರಗಸದ ಹಲ್ಲಿನಂತೆ ತಡೆ. ಮುಂದಿನೆರಡು ಗಾಲಿಗಳು ಸಮಾನಾಂತರವಾಗಿಲ್ಲದೆ ಪ್ರತಿ ಸುತ್ತಿಗೂ ರಸ್ತೆಗೆ ಉಜ್ಜುತ್ತಿದ್ದವು. ಮಾರಿದ ಅಂಗಡಿಯವರು ಇದನ್ನು ಟೈರಿನ ದೋಷವೆಂದು ಹೇಳಿ ಕಳುಹಿಸಿದರು. ನಾನೇ ಗಾಲಿಗಳ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವಿನ ಅಂತರ ಅಳೆದು, ಜೋಡಣೆಯ ಸರಳನ್ನು ತಿರುಗಿಸಿ ವ್ಯತ್ಯಾಸವನ್ನು ಒಂದೆರಡು ಮಿಲಿಮೀಟರಿಗೆ ತಂದೆ. ಆಮೇಲೆ ಹಾಕಿದ ಜೋಡಿ ಟೈರು 5,000 ಕಿಲೋಮೀಟರ್ ದಾಟಿತು.

ಈಗ ದಿನವೂ ಓಡಿಸುವುದು ಎರಡನೆಯದನ್ನು. ಕೊಳ್ಳುವ ಮುನ್ನ ಪರೀಕ್ಷೆಗೆಂದು ಓಡಿಸುವವರು ಖಾಲಿ ಜಾಗದಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಬಲಗಡೆಯ ಬ್ರೇಕನ್ನಷ್ಟೇ, ಆಮೇಲೆ ಎಡಗಡೆಯದನ್ನಷ್ಟೇ ಹಿಡಿದು ನೋಡಿ. ಕೀಲಿನ ಕೋನ ಸರಿಯಿದ್ದರೆ ಗಾಡಿ ಹೆಚ್ಚುಕಡಿಮೆ ನೇರವಾಗಿಯೇ ನಿಲ್ಲುತ್ತದೆ. ಹಿಡಿದ ಬ್ರೇಕಿನ ಕಡೆಗೆ ಹಿಡಿಯನ್ನೇ ಕಿತ್ತುಕೊಳ್ಳುವಂತೆ ಎಳೆದರೆ, ಸೀಟು ಎಷ್ಟೇ ಹಿತವಾಗಿರಲಿ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.